ಹೊರುವವರ ಬಲ

ಶಕ್ತಿ ಬೇಡ ಎಂದವರನ್ನು ನಾನು ಈವರೆಗೆ ಕಂಡಿಲ್ಲ. ದೇವರ ಮುಂದೆ ನಿಂತಾಗ ಗಂಡಸರು ಏನು ಕೇಳಿಕೊಳ್ಳುತ್ತಾರೋ ತಿಳಿಯದು. ನಾವು ಹೆಂಗಸರು ಮಾತ್ರ ಬಹುಮಟ್ಟಿಗೆ ಒಂದೇ ಮಾತನ್ನು ಕೇಳುತ್ತೇವೆ: "ಎಲ್ಲವನ್ನೂ ತಡೆದುಕೊಳ್ಳುವ ಶಕ್ತಿ ಕೊಡು ತಾಯೀ." ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಈ ಮಾತು! ಹೊರೆಯನ್ನು ಸ್ವಲ್ಪ ಇಳಿಸು ಎಂದು ಕೇಳಲು ನಮಗೆ ನಾಲಿಗೆಯೇ ಹೊರಳುವುದಿಲ್ಲ. ಹೊರೆ ಇದ್ದದ್ದೇ, ಬೆನ್ನನ್ನು ಗಟ್ಟಿ ಮಾಡಿಕೊಟ್ಟರೆ ಸಾಕು. ಈ ಪ್ರಾರ್ಥನೆಯಲ್ಲಿ ಎಲ್ಲೋ ಏನೋ ಸರಿಯಿಲ್ಲ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಅದೇನೆಂದು ಬಿಡಿಸಿ ನೋಡಲು ನೆರವಾದದ್ದು ಯಾವ ತತ್ತ್ವಶಾಸ್ತ್ರದ ಪುಸ್ತಕವೂ ಅಲ್ಲ, ಅಮೆರಿಕದ ಒಂದು ಹಳೆಯ ಪಿಕಪ್ ಟ್ರಕ್ಕು ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

2023ರ ಬೇಸಿಗೆ ರಜೆಯಲ್ಲಿ ತಂಗಿಯ ಜೊತೆ ನಾನು ಕೊಲರಾಡೋ ರಾಜ್ಯದ ಡೆನ್ವರ್ ನಗರಕ್ಕೆ ಹೋಗಿದ್ದೆ. ಅಲ್ಲಿ ಅವಳ ಮಗ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ತಂಗಿಗೆ ಮಂಡಿನೋವು, ವಿಮಾನ ನಿಲ್ದಾಣಗಳಲ್ಲಿ ಒಬ್ಬಳೇ ಓಡಾಡಲಾರಳು; ಅದಕ್ಕೇ ನಾನು ಜೊತೆ. ಮಗುವನ್ನು ನೋಡಿಕೊಳ್ಳುವುದು ಅವಳ ಕೆಲಸ, ಅವಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಪಿಕಪ್ ಎಂದರೆ ನಮ್ಮ ಕಡೆ ಮಾರ್ಕೆಟ್ಟಿಗೆ ಟೊಮೇಟೊ ಕ್ರೇಟು ತರುವ ಗಾಡಿ. ಅಮೆರಿಕದಲ್ಲಿ ಹಾಗಲ್ಲ. ಕುದುರೆ ಸಾಗಿಸುವ ರೈತನಿಂದ ಹಿಡಿದು ಕಚೇರಿಗೆ ಹೋಗುವ ಗುಮಾಸ್ತನವರೆಗೆ ಎಲ್ಲರಿಗೂ ಅದು ಬೇಕು. ನಮ್ಮ ಹುಡುಗ ಕೊಂಡದ್ದು 1997ರ ಡಾಜ್ ರ‍್ಯಾಮ್. ಅವನೇ ಪ್ರೈಮರಿ ಶಾಲೆಗೆ ಸೇರುವ ಮೊದಲು ತಯಾರಾದ ಗಾಡಿ! ಅದರೊಳಗೆ ಕಮ್ಮಿನ್ಸ್ ಕಂಪನಿಯ 5.9 ಲೀಟರಿನ ಟರ್ಬೊ ಡೀಸೆಲ್ ಎಂಜಿನ್ನು, ಸಾಲಾಗಿ ಆರು ಸಿಲಿಂಡರು. ಹಿಂದೆ ಒಂದು ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಹೆಂಡತಿ ಮಗುವಿನೊಡನೆ ಬೆಟ್ಟಗಳಲ್ಲಿ ತಿರುಗಬೇಕೆಂಬ ಆಸೆ ಅವನದು.

ಅಲ್ಲಿನ ಬೆಟ್ಟಗಳೆಂದರೆ ಸಾಮಾನ್ಯವಲ್ಲ. ಡೆನ್ವರ್ ಊರೇ 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಹೆದ್ದಾರಿ ಐಸೆನ್‌ಹೋವರ್ ಸುರಂಗ ಮುಟ್ಟುತ್ತದೆ; ಅದು 3,400 ಮೀಟರ್ ಎತ್ತರ. ನಮ್ಮ ರಾಜ್ಯಕ್ಕೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎಂದರೆ ಲೆಕ್ಕ ಹಾಕಿಕೊಳ್ಳಿ. ಅಷ್ಟು ಮೇಲೆ ಗಾಳಿಯ ಒತ್ತಡ ಸಮುದ್ರದ ಮಟ್ಟದಲ್ಲಿರುವುದರ ಮೂರನೇ ಎರಡು ಪಾಲು ಮಾತ್ರ. ನನಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಎಂಜಿನ್ನಿಗೂ ಹಾಗೆಯೇ. ಆ ಕೊರತೆಯನ್ನು ತುಂಬುವುದು ಟರ್ಬೊ. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಗೆ ಸೇರಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುವುದನ್ನು ಹಿಡಿದು ಮತ್ತೆ ದುಡಿಸುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಅವನ ಮನೆಯಲ್ಲಿ ಅನ್ನದ ಗಂಜಿಯನ್ನು ಚೆಲ್ಲದ ಅಜ್ಜಿಯೊಬ್ಬಳು ಇದ್ದಿರಬೇಕು ಎಂದುಕೊಂಡೆ.

ಹೆಚ್ಚು ಗಾಳಿ ಬಂದಮೇಲೆ ಹೆಚ್ಚು ಡೀಸೆಲ್ ಉರಿಸಬಹುದು. ಹೆಚ್ಚು ಡೀಸೆಲ್ ಉರಿದರೆ ಹೆಚ್ಚು ಬಲ. ಈ ಹಳೆಯ ಎಂಜಿನ್ನಿನಲ್ಲಿ ಕಂಪ್ಯೂಟರು ಡೀಸೆಲ್ ಅಳೆಯುವುದಿಲ್ಲ. ಒಂದು ಪಂಪು ಅಳೆಯುತ್ತದೆ. ಪಂಪಿನೊಳಗೆ ಉಕ್ಕಿನ ಒಂದು ಸಣ್ಣ ತಗಡು, ಎಷ್ಟು ಡೀಸೆಲ್ ಹೋಗಬಹುದು ಎಂಬುದಕ್ಕೆ ಅಡ್ಡಗಟ್ಟೆ. ಅದನ್ನು ತುಸು ಮುಂದೆ ಸರಿಸಿದರೆ, ಇಲ್ಲವೇ ಬೇರೆ ಆಕಾರದ ತಗಡು ಹಾಕಿದರೆ, ಎಂಜಿನ್ನಿನ ಬಲ ಒಂದೇ ಮಧ್ಯಾಹ್ನದಲ್ಲಿ ಏರಿಬಿಡುತ್ತದೆ. ಖರ್ಚೂ ಅಷ್ಟೇನಿಲ್ಲ. ಈ ಕೆಲಸಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ವೀಣೆಗೆ ಶ್ರುತಿ ಕೂಡಿಸುವುದಕ್ಕೂ ಅದೇ ಮಾತು. ಆದರೆ ವೀಣೆಯ ತಂತಿ ಬಿಗಿ ಮಾಡುವವರಿಗೆ ತಂತಿ ಎಲ್ಲಿ ಹರಿಯುತ್ತದೆಂಬ ಭಯ ಇರುತ್ತದೆ.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಗೆ ಬರುತ್ತೇನೆ. 1996ರಿಂದ 1998ರವರೆಗೆ ಆ ಕಂಪನಿ ಇದೇ ಎಂಜಿನ್ನನ್ನು ಎರಡು ಬಗೆಯಲ್ಲಿ ಮಾರುತ್ತಿತ್ತು. ಕೈಯಿಂದ ಗೇರ್ ಹಾಕುವ ಗಾಡಿಯಲ್ಲಿ ಅದರ ಬಲ 215 ಕುದುರೆಶಕ್ತಿ. ತಾನೇ ಗೇರ್ ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಗಾಡಿಯಲ್ಲಿ 180. ಎಂಜಿನ್ನಿನಲ್ಲಿ ದೋಷವೇನೂ ಇಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅದಕ್ಕಿಂತ ಹೆಚ್ಚನ್ನು ತಡೆಯದು ಎಂದು ಎಂಜಿನ್ನಿಗೇ ಕಡಿವಾಣ ಹಾಕಿ ಕಳಿಸಿದ್ದರು. ಆ ಗೇರ್‌ಬಾಕ್ಸಿನ ವಂಶವೂ ಹಾಗೆಯೇ. ಅದರ ಮೂಲ ವಿನ್ಯಾಸ ಹುಟ್ಟಿದ್ದು 1962ರಲ್ಲಿ, ಪೆಟ್ರೋಲ್ ಕಾರುಗಳಿಗೆಂದು. ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ಬಲಪಡಿಸಿ ದೊಡ್ಡ ಡೀಸೆಲ್ ಎಂಜಿನ್ನಿಗೆ ಕಟ್ಟಿದರು. ಸಣ್ಣ ಸಂಸಾರದಲ್ಲಿ ಬೆಳೆದ ಹುಡುಗಿಯನ್ನು ಇಪ್ಪತ್ತು ಜನರ ತುಂಬು ಮನೆಗೆ ಕೊಟ್ಟ ಹಾಗೆ. ಆದರೂ ಮೆಚ್ಚಬೇಕಾದ ಮಾತೆಂದರೆ, ಕೊಟ್ಟವರಿಗೆ ಅವಳ ಮಿತಿ ಗೊತ್ತಿತ್ತು. ಗೊತ್ತಿದ್ದು, ದೊಡ್ಡವನ ಕೈಗೇ ತಡೆ ಹಾಕಿದರು. ಲೋಕದಲ್ಲಿ ಹೀಗಾಗುವುದು ಎಷ್ಟು ಅಪರೂಪ ಯೋಚಿಸಿ! ಸಾಮಾನ್ಯವಾಗಿ ಜೋರಿರುವವರಿಗೆ ಯಾರೂ ಮೆತ್ತಗಾಗು ಎನ್ನುವುದಿಲ್ಲ. ಹೊರುವವರಿಗೇ ಹೊಂದಿಕೊಂಡು ಹೋಗು ಎನ್ನುತ್ತಾರೆ.

ನಮ್ಮ ಹುಡುಗನಿಗೆ ಮುಂಚೆ ಗಾಡಿಯ ಮಾಲೀಕನಾಗಿದ್ದವನು ಆ ತಗಡನ್ನು ಸರಿಸಿದ್ದ. ಗೇರ್‌ಬಾಕ್ಸನ್ನು ಮುಟ್ಟಿರಲಿಲ್ಲ.

ಪರಿಣಾಮವನ್ನು ನಾನೇ ಕಣ್ಣಾರೆ ನೋಡಿದೆ. ಊರಾಚೆ, ಮನೆಯ ಹಿಂದಿನ ದೊಡ್ಡ ಷೆಡ್ಡಿನಲ್ಲಿ ಗೇರ್‌ಬಾಕ್ಸುಗಳನ್ನು ಮಾತ್ರ ಬಿಚ್ಚಿ ಜೋಡಿಸುವ ವೃದ್ಧ ಮೆಕ್ಯಾನಿಕ್ ಒಬ್ಬರಿದ್ದರು. ತಂಗಿಯ ಮಗ ನನ್ನನ್ನೂ ಕರೆದುಕೊಂಡು ಹೋದ. ಮನೆಯಲ್ಲಿ ಕೂತು ಬೇಸರವಾಗಿದ್ದರಿಂದ ನಾನೂ ಹೊರಟೆ. ಆತ ಬಿಚ್ಚಿಟ್ಟಿದ್ದ ಬಿಲ್ಲೆಗಳನ್ನು ತೋರಿಸಿದರು. ಒಂದೊಂದೂ ಸೀದ ರೊಟ್ಟಿಯಂತೆ ಕಪ್ಪಗಾಗಿತ್ತು. ಗೇರ್‌ಬಾಕ್ಸಿನ ಎಣ್ಣೆ ಕೆಂಪಗೆ, ದಾಳಿಂಬೆ ರಸದ ಹಾಗೆ ತಿಳಿಯಾಗಿರಬೇಕಂತೆ. ಅಲ್ಲಿ ಟ್ರೇಯಲ್ಲಿದ್ದದ್ದು ಕಂದು ಕಷಾಯ, ಮೂಗಿಗೆ ಹೊಡೆಯುವ ಸೀದ ವಾಸನೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ ಮಾಡುವ ಬಗೆ ವಿಚಿತ್ರ. ಎಂಜಿನ್ನಿಗೂ ಅದಕ್ಕೂ ನಡುವೆ ನೇರವಾದ ಗಂಟೇ ಇಲ್ಲ. ಒಂದು ಡಬ್ಬದೊಳಗೆ ಎದುರುಬದುರಾಗಿ ಎರಡು ರೆಕ್ಕೆಚಕ್ರಗಳು, ಸುತ್ತ ಎಣ್ಣೆ. ಎಂಜಿನ್ ತಿರುಗಿಸುವ ಚಕ್ರ ಎಣ್ಣೆಯನ್ನು ಎರಚುತ್ತದೆ, ಎಣ್ಣೆಯ ರಭಸಕ್ಕೆ ಎದುರಿನದು ತಿರುಗುತ್ತದೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಗಾಡಿ ವೇಗ ಹಿಡಿದಮೇಲೆ ಒಳಗಿನ ಒಂದು ಕ್ಲಚ್ ಬಿಲ್ಲೆ ಎರಡನ್ನೂ ಒತ್ತಿ ಹಿಡಿದು ಒಂದಾಗಿಸುತ್ತದೆ. ಮುಂದೆ ಗೇರುಗಳನ್ನು ಹಿಡಿಯುವುದಕ್ಕೂ ಇಂಥವೇ ಬಿಲ್ಲೆಗಳು ಮತ್ತು ಪಟ್ಟಿಗಳು, ಎಲ್ಲವೂ ಎಣ್ಣೆಯ ಒತ್ತಡದಿಂದಲೇ ಬಿಗಿಯುವಂಥವು. ಹಿಡಿತಕ್ಕಿಂತ ಬಲ ಹೆಚ್ಚಾದರೆ ಬಿಲ್ಲೆ ಜಾರುತ್ತದೆ. ಜಾರಿದರೆ ಬಿಸಿ, ಬಿಸಿಯಾದರೆ ಎಣ್ಣೆ ಕೆಡುತ್ತದೆ, ಎಣ್ಣೆ ಕೆಟ್ಟರೆ ಹಿಡಿತ ಇನ್ನೂ ಸಡಿಲ. ಎಂಜಿನ್ನಿನ ಜಾಗದಲ್ಲಿ ಏನೂ ಆಗಿರುವುದಿಲ್ಲ. ಅದು ಗುಡುಗುತ್ತಲೇ ಇರುತ್ತದೆ. ಹಾಳಾಗುವುದು ಮಾತ್ರ ನಡುವಿನವಳು.

"ಮೊದಲು ಗೇರ್‌ಬಾಕ್ಸ್, ಆಮೇಲೆ ಎಂಜಿನ್. ಹಿಂದುಮುಂದಾಗಿ ನಾನು ಮಾಡುವುದಿಲ್ಲ" ಎಂದರು ಆತ. ಏನೇನು ಹಾಕುತ್ತೇನೆಂದೂ ವಿವರಿಸಿದರು. ಕನ್ವರ್ಟರಿನಲ್ಲಿ ಒಂದು ಬಿಲ್ಲೆಯ ಬದಲು ಮೂರು. ಎಣ್ಣೆಯ ದಾರಿಗಳನ್ನು ಹಂಚುವ ಭಾಗದಲ್ಲಿ ಒತ್ತಡ ಹೆಚ್ಚಿಸುವ ಮಾರ್ಪಾಡು. ಬಲವನ್ನು ಮೊದಲು ಒಳಕ್ಕೆ ತೆಗೆದುಕೊಳ್ಳುವ ಕಡ್ಡಿಗೆ ಇನ್ನೂ ಗಟ್ಟಿ ಉಕ್ಕು. ಎಣ್ಣೆ ತಣಿಸಲು ದೊಡ್ಡ ಕೂಲರ್. ಡ್ರೈವರನ ಕಣ್ಣಿಗೆ ಬೀಳುವಂತೆ ಮೂರು ಮೀಟರುಗಳು: ಗಾಳಿಯ ಒತ್ತಡಕ್ಕೊಂದು, ಗೇರ್‌ಬಾಕ್ಸ್ ಎಣ್ಣೆಯ ಬಿಸಿಗೊಂದು, ಎಂಜಿನ್ನಿನ ಹೊಗೆಯ ಬಿಸಿಗೊಂದು. ಆ ಮೂರನೆಯ ಮುಳ್ಳು 700 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಕಾಲನ್ನು ಮೇಲೆತ್ತಬೇಕು. ಎಂಜಿನ್ನಿನ ಪಿಸ್ಟನ್ನುಗಳು ಅಲ್ಯೂಮಿನಿಯಂನವು, ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಕೆಳಗಿನಿಂದ ಎಣ್ಣೆ ಚಿಮ್ಮಿಸಿ ತಣ್ಣಗಿಡುತ್ತಿರುವುದರಿಂದಷ್ಟೇ ಅವು ಉಳಿದಿರುತ್ತವೆ. ಎಲ್ಲ ಸೇರಿ ಐದಾರು ಸಾವಿರ ಡಾಲರು ಎಂದು ಹೇಳಿ ಆತ ಸುಮ್ಮನಾದರು. ಆಮೇಲೆ ಕೇಳಿದರು:

"ಇದರಿಂದ ಏನನ್ನು ಎಳೆಯಬೇಕೆಂದಿದ್ದೀಯ?"

ಮೂರು ಟನ್ನಿನ ಟ್ರೇಲರ್ ಎಂದ ನಮ್ಮವನು. ಅಷ್ಟಕ್ಕಾದರೆ ಕಂಪನಿ ಕೊಟ್ಟ ಬಲವೇ ಸಾಕು, ಏರಿನಲ್ಲಿ ಸ್ವಲ್ಪ ನಿಧಾನ ಹೋಗಬೇಕಾಗುತ್ತದೆ ಅಷ್ಟೆ. ಗೇರ್‌ಬಾಕ್ಸ್ ಗಟ್ಟಿ ಮಾಡಿಕೊಡುತ್ತೇನೆ, ಆದರೆ ಗಟ್ಟಿಯಾಯಿತೆಂದು ತಗಡನ್ನು ಇನ್ನೂ ಮುಂದೆ ಸರಿಸಿದರೆ ಮತ್ತೆ ನನ್ನಲ್ಲಿಗೆ ಬರಬೇಡ ಎಂದರು. ಮುರಿಯುವ ಜಾಗ ಮುಂದಕ್ಕೆ ಹೋಗುತ್ತದೆಯೇ ಹೊರತು ಮುರಿಯುವುದು ನಿಲ್ಲುವುದಿಲ್ಲವಂತೆ. ಬಿಲ್ಲೆ ಗಟ್ಟಿ ಮಾಡಿದರೆ ಕಡ್ಡಿ ತುಂಡಾಗುತ್ತದೆ, ಕಡ್ಡಿ ಗಟ್ಟಿ ಮಾಡಿದರೆ ಹಿಂದಿನ ಆಕ್ಸಲ್‌ಗೆ ಹೋಗುವ ಜಾಯಿಂಟು, ಅದೂ ಆದಮೇಲೆ ಎಂಜಿನ್ನಿನದೇ ತಲೆಯ ಗ್ಯಾಸ್ಕೆಟ್ಟು.

ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಹೊರುವವರನ್ನು ಬಲಪಡಿಸುವುದು ಒಳ್ಳೆಯ ಕೆಲಸ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಯಾತಕ್ಕೆ ಬಲಪಡಿಸುತ್ತಿದ್ದೇವೆ? ಈಗಾಗಲೇ ಹೊರುತ್ತಿರುವುದನ್ನು ನೋವಿಲ್ಲದೆ ಹೊರಲಿ ಎಂದೋ, ಇನ್ನಷ್ಟು ಹೇರಬಹುದು ಎಂದೋ? ಕೆಲಸ ಒಂದೇ, ಖರ್ಚು ಒಂದೇ, ಹಾಕುವ ಬಿಲ್ಲೆಯೂ ಒಂದೇ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಕಾಣಿಸುವುದೇ ಇಲ್ಲ. ಒಂದು ಉಪಕಾರ, ಇನ್ನೊಂದು ಹೊರೆಯ ಮುಂಗಡ.

ಮನೆಗಳಲ್ಲಿ "ಅವಳು ಬಹಳ ಗಟ್ಟಿಗಿತ್ತಿ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಒಂದು ಅಳುಕು. ಹೊಗಳಿಕೆಯೇ ನಿಜ. ಆದರೆ ಆ ಮಾತಿನ ಬೆನ್ನಿಗೇ "ಅದಕ್ಕೇ ಅವಳಿಗೆ ವಹಿಸೋಣ" ಎಂದು ಬಂದಿರುತ್ತದೆ. ಗಟ್ಟಿಗಿತ್ತಿ ಎಂದು ಹೆಸರು ಪಡೆದವಳಿಗೆ ಜ್ವರ ಬರಲಿಕ್ಕೂ ಪುರುಸೊತ್ತಿಲ್ಲ. ಮೆತ್ತಗಿನವಳು ಹೇಗೋ ಪಾರಾಗುತ್ತಾಳೆ!

ಇನ್ನೊಂದು ಸೂಕ್ಷ್ಮವೂ ಇದೆ. ಗೇರ್‌ಬಾಕ್ಸ್ ಜಾರುವುದೆಲ್ಲ ದೋಷವಲ್ಲ. ಕಂಪನಿಯವರು ಬೇಕೆಂದೇ ತುಸು ಜಾರಲು ಬಿಟ್ಟಿರುತ್ತಾರೆ. ಗೇರ್ ಬದಲಾಗುವ ಕ್ಷಣದಲ್ಲಿ ಬಿಲ್ಲೆಗಳು ಮೆಲ್ಲಗೆ ಹಿಡಿಯುವುದರಿಂದಲೇ ಒಳಗೆ ಕೂತವರಿಗೆ ಬದಲಾದದ್ದು ಗೊತ್ತಾಗುವುದಿಲ್ಲ. ಒತ್ತಡ ಹೆಚ್ಚಿಸಿದ ಗೇರ್‌ಬಾಕ್ಸ್ ತಟ್ಟನೆ ಹಿಡಿಯುತ್ತದೆ, ಬೆನ್ನಿಗೆ ಗುದ್ದಿದಂತಾಗುತ್ತದೆ. ಅಂದರೆ ಗಾಡಿಯ ಸುಖವೆಲ್ಲ ಯಾರೋ ಒಬ್ಬರು ಸದ್ದಿಲ್ಲದೆ ಸವೆಯುವುದರಿಂದ ಬಂದದ್ದು. ಸಂಸಾರದಲ್ಲೂ ಯಾರಾದರೂ ಸ್ವಲ್ಪ ಜಾರಿಕೊಡದಿದ್ದರೆ ದಿನಕ್ಕೆ ನಾಲ್ಕು ಸಲ ಗುದ್ದು. ಆ ಸಡಿಲ ಬೇಕು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮೂವತ್ತು ವರ್ಷ ಒಂದೇ ಬಿಲ್ಲೆ ಜಾರಿಕೊಡುತ್ತಿದ್ದರೆ ಅದು ಕರಗುವುದಿಲ್ಲವೇ? ಆ ಬಿಲ್ಲೆ ಕೊನೆಗೊಂದು ದಿನ ಬಿಗಿಯಾದಾಗ, "ಇವಳು ಯಾಕೆ ಹೀಗೆ ಗಡುಸಾದಳು?" ಎಂದು ಮನೆಯವರು ಆಶ್ಚರ್ಯಪಡುತ್ತಾರೆ.

ಇದೇ ಬಗೆಯ ಅಮೆರಿಕದ ಇನ್ನೊಂದು ಗಾಡಿಯ ವಿಷಯವನ್ನೂ ಆ ಮೆಕ್ಯಾನಿಕ್ ಹೇಳಿದ್ದರು. 2001ರಿಂದ ಷೆವ್ರೊಲೆಯ ದೊಡ್ಡ ಡೀಸೆಲ್ ಪಿಕಪ್ಪುಗಳಿಗೆ ಆಲಿಸನ್ ಎಂಬ ಗೇರ್‌ಬಾಕ್ಸ್ ಬಂತು. ಅದರ ಕಂಪ್ಯೂಟರಿಗೆ ಬಿಲ್ಲೆ ಜಾರಿದ್ದು ಗೊತ್ತಾಗುತ್ತದೆ. ಗೊತ್ತಾದೊಡನೆ ಎಚ್ಚರಿಕೆಯ ದೀಪ ಹಾಕಿ, ಗೇರ್ ಬದಲಿಸುವುದನ್ನು ನಿಲ್ಲಿಸಿ, ಕುಂಟುತ್ತ ಮನೆ ಸೇರುವಷ್ಟಕ್ಕೆ ಮಾತ್ರ ಒಪ್ಪುತ್ತದೆ. ಬಲ ಹೆಚ್ಚಿಸಿಕೊಂಡ ಹುಡುಗರು ಅದನ್ನು ಶಪಿಸುತ್ತಾರಂತೆ. ನನಗಂತೂ ಅದರ ಮೇಲೆ ಗೌರವ ಬಂತು. ಇಲ್ಲ ಎನ್ನುವುದಕ್ಕೆ ಅದಕ್ಕೆ ಯಾರೋ ಕಲಿಸಿದ್ದಾರೆ.

ಹೊರುವವರು ಗಾಡಿಯ ಒಳಗೆ ಮಾತ್ರ ಇರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಗಾಳಿಗಿಂತ ಡೀಸೆಲ್ ಹೆಚ್ಚಾದರೆ ಪೂರ್ತಿ ಉರಿಯದೆ ಕರೀ ಹೊಗೆಯಾಗಿ ಹೊರಗೆ ಬರುತ್ತದೆ. ಕೆಲವರಿಗೆ ಆ ಹೊಗೆಯೇ ಒಂದು ಶೋಕಿ. ಸೈಕಲ್ಲಿನವರ ಮೇಲೆ, ಪಾದಚಾರಿಗಳ ಮೇಲೆ ಬೇಕೆಂದೇ ಉಗುಳುತ್ತಾರೆ. ಕೊಲರಾಡೋದಲ್ಲಿ 2017ರಲ್ಲಿ ಇದಕ್ಕೆ ನೂರು ಡಾಲರ್ ದಂಡ ಹಾಕುವ ಕಾನೂನನ್ನೇ ತಂದರು. ಹೊಸ ಗಾಡಿಗಳಲ್ಲಿ ಹೊಗೆ ಸೋಸುವ ಸಾಧನಗಳಿರುತ್ತವೆ. ಟ್ಯೂನಿಂಗ್ ಹೆಸರಿನಲ್ಲಿ ಅವನ್ನು ಕಿತ್ತುಹಾಕುವವರೂ ಇದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಲ್ಲಿ ಹೀಗೆ ಮಾಡಲಾಗಿತ್ತು. ಅವು ಹೆಚ್ಚಾಗಿ ಹೊರಬಿಡುವ ವಿಷಾನಿಲ, ರಸ್ತೆಗೆ ಹೊಸದಾಗಿ ತೊಂಬತ್ತು ಲಕ್ಷ ಗಾಡಿಗಳನ್ನು ಇಳಿಸಿದ್ದಕ್ಕೆ ಸಮ. ಬಿಡಿ ಮನುಷ್ಯರನ್ನಷ್ಟೇ ದೂರಬೇಕಾಗಿಲ್ಲ. 2013ರಿಂದ ಈಚಿನ ಲಕ್ಷಾಂತರ ರ‍್ಯಾಮ್ ಟ್ರಕ್ಕುಗಳ ಎಂಜಿನ್ನಿನಲ್ಲಿ ಹೊಗೆ ಪರೀಕ್ಷೆಯನ್ನು ವಂಚಿಸುವ ಏರ್ಪಾಡಿತ್ತೆಂಬ ಆರೋಪದ ಮೇಲೆ ಕಮ್ಮಿನ್ಸ್ ಕಂಪನಿಯೇ 167.5 ಕೋಟಿ ಡಾಲರ್ ದಂಡ ಕಟ್ಟಲು 2023ರ ಡಿಸೆಂಬರಿನಲ್ಲಿ ಒಪ್ಪಿತು, ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಗೇರ್‌ಬಾಕ್ಸನ್ನಾದರೂ ಬಿಚ್ಚಿ ಗಟ್ಟಿ ಮಾಡಬಹುದು. ದಾರಿಯಲ್ಲಿ ಹೋಗುವ ಮಗುವಿನ ಪುಪ್ಪುಸಕ್ಕೆ ಯಾವ ಮೆಕ್ಯಾನಿಕ್ ಮೂರು ಬಿಲ್ಲೆ ಹಾಕಿಕೊಟ್ಟಾನು?

ನಮ್ಮ ತಂದೆ ಎತ್ತಿನ ಗಾಡಿ ಹೂಡುವಾಗ ಒಂದು ಕ್ರಮವಿತ್ತು. ಜೋಡಿಯಲ್ಲಿ ಒಂದು ಎತ್ತು ಬಡವಾಗಿದ್ದರೆ ನೊಗದ ಕಟ್ಟನ್ನು ನಡುವಿನಿಂದ ಗಟ್ಟಿ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸಿ ಕಟ್ಟುತ್ತಿದ್ದರು. ಆಗ ಭಾರ ಅದರ ಪಾಲಿಗೆ ಹೆಚ್ಚು, ಬಡ ಎತ್ತಿಗೆ ಕಡಿಮೆ. ಹೇರುವ ಮೂಟೆಯ ಲೆಕ್ಕವನ್ನೂ ಬಡ ಎತ್ತನ್ನು ನೋಡಿಯೇ ಹಾಕುತ್ತಿದ್ದರು. ಗಟ್ಟಿ ಇದ್ದದ್ದಕ್ಕೆ ಹೆಚ್ಚು ಹೊರಿಸಿದರಲ್ಲ ಎಂದು ನೀವು ಕೇಳಬಹುದು. ಹೌದು, ಆದರೆ ಸಂಜೆ ಆ ಎತ್ತಿಗೆ ಹಿಂಡಿಯೂ ಹೆಚ್ಚು ಬೀಳುತ್ತಿತ್ತು. 1965ರಲ್ಲಿ ನಮ್ಮ ಸರ್ಕಾರವೂ ಎಳೆಯುವ, ಹೊರುವ ಪ್ರಾಣಿಗಳಿಗೆಂದು ನಿಯಮ ಮಾಡಿತು: ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಎಡೆಬಿಡದೆ ಐದು ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು. ಎತ್ತಿಗೆ ಇದೆ. ಅಜ್ಜಿಗೆ ಇಲ್ಲ.

ಅಜ್ಜಿ ಎಂದದ್ದು ಯಾಕೆಂದರೆ, ಆ ದಿನ ಷೆಡ್ಡಿನಿಂದ ಮರಳುವಾಗ ತಂಗಿಯ ಮಗ ಗಾಡಿಯ ಮಾತು ಬಿಟ್ಟು ಅಮ್ಮನ ಮಾತು ತೆಗೆದ.

"ದೊಡ್ಡಮ್ಮ, ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಮಾಡಿಸಿಬಿಡೋಣ ಅಂತಿದೀನಿ. ದುಡ್ಡಿನ ಯೋಚನೆ ಇಲ್ಲ. ಆಮೇಲೆ ಪ್ರತಿ ವರ್ಷ ಆರಾಮಾಗಿ ಬಂದು ಆರು ತಿಂಗಳು ಇರಬಹುದು. ಮಗೂನ ಎತ್ಕೊಂಡು ಮೆಟ್ಟಿಲು ಹತ್ತೋದಕ್ಕೂ ತೊಂದರೆ ಆಗಲ್ಲ."

ಒಳ್ಳೆಯ ಮಗ. ಇದರಲ್ಲಿ ಎರಡು ಮಾತಿಲ್ಲ. ಅಲ್ಲಿ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟರೆ ತಿಂಗಳಿಗೆ ಸಾವಿರ ಡಾಲರಿಗೂ ಮೇಲೆ ಕೇಳುತ್ತಾರೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ಊರಿನ ಪ್ರತಿ ಬೀದಿಯಲ್ಲೂ ಸ್ವೆಟರು, ಉಪ್ಪಿನಕಾಯಿ ಕಟ್ಟಿಕೊಂಡು ಆರಾರು ತಿಂಗಳಿಗೆ ಹೊರಡುವ ತಾಯಂದಿರಿದ್ದಾರೆ. ಹೋಗುವಾಗ ಅವರ ಮುಖದಲ್ಲಿರುವ ಸಂತೋಷ ಸುಳ್ಳಲ್ಲ. ಆದರೂ ಅವನು ಹೇಳಿದ ವಾಕ್ಯದಲ್ಲಿ "ಆಮೇಲೆ" ಎಂಬ ಪದ ನನ್ನ ಕಿವಿಯಲ್ಲಿ ಉಳಿಯಿತು.

ಜರ್ಮನಿಯ ಕಾಂಟ್ 1785ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂಬ ಅರ್ಥದ ಮಾತು ಬರುತ್ತದೆ. ಬಿ.ಎ. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಈಗ ಯೋಚಿಸಿದರೆ ಅದರ ಜೀವವೆಲ್ಲ "ಬರೀ" ಎಂಬ ಒಂದು ಪದದಲ್ಲಿದೆ. ಒಬ್ಬರನ್ನೊಬ್ಬರು ಬಳಸದೆ ಯಾವ ಮನೆಯೂ ನಡೆಯದು. ನಾನೂ ಹಾಲಿನವನನ್ನು ಬಳಸುತ್ತೇನೆ, ಮಕ್ಕಳು ನನ್ನನ್ನು ಬಳಸುತ್ತಾರೆ. ಅಜ್ಜಿ ಮೊಮ್ಮಗುವನ್ನು ನೋಡಿಕೊಂಡರೆ ತಪ್ಪೇನು? ತಪ್ಪು ಎಲ್ಲಿ ಶುರುವಾಗುತ್ತದೆಂದರೆ, ಅವಳ ಮಂಡಿಗೆ ಅವಳದೇ ಆದ ಕೆಲಸ ಇರಬಹುದು ಎಂಬುದು ಯಾರ ನೆನಪಿಗೂ ಬಾರದಿದ್ದಾಗ. ಗೇರ್‌ಬಾಕ್ಸಿಗೆ ಸ್ವಂತದ ಊರಿಲ್ಲ, ಹೋಗಬೇಕಾದ ಬೆಟ್ಟವಿಲ್ಲ. ಎಂಜಿನ್ ಕೊಟ್ಟದ್ದನ್ನು ಚಕ್ರಕ್ಕೆ ಮುಟ್ಟಿಸುವುದಕ್ಕೇ ಅದು ಹುಟ್ಟಿದ್ದು. ಮಂಡಿ ಹಾಗಲ್ಲ.

"ಆ ಮೆಕ್ಯಾನಿಕ್ ನಿನ್ನನ್ನ ಏನು ಕೇಳಿದ್ರು ಹೇಳು?" ಎಂದೆ.

"ಏನು ಎಳೀತೀಯ ಅಂತ."

"ನಿಮ್ಮಮ್ಮನ್ನ ನೀನು ಕೇಳಿದೀಯಾ, ಮಂಡಿ ಸರಿಹೋದರೆ ಎಲ್ಲಿಗೆ ಹೋಗ್ತೀಯ ಅಂತ?"

ಅವನು ರಸ್ತೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮನೆಗೆ ಬಂದಮೇಲೆ, ಮಗು ಮಲಗಿದ ಹೊತ್ತಿನಲ್ಲಿ, ಕೇಳಿಯೂ ಕೇಳಿದ. ತಂಗಿ ಒಂದು ಕ್ಷಣವೂ ಯೋಚಿಸಲಿಲ್ಲ. "ಮೇಲುಕೋಟೆ ಬೆಟ್ಟ ಹತ್ತಬೇಕು ಕಣೋ. ಯೋಗಾನರಸಿಂಹನ್ನ ನೋಡಿ ಏಳು ವರ್ಷ ಆಯ್ತು" ಎಂದಳು. ಆಮೇಲೆ ಎಲ್ಲಿ ಮಗನಿಗೆ ಬೇಜಾರಾಯಿತೋ ಎಂದು, "ಪುಟ್ಟೂನ ಎತ್ಕೊಂಡೇ ಹತ್ತಬಹುದು ಬಿಡು" ಎಂದು ಸೇರಿಸಿದಳು. ಅವನು ನಕ್ಕ. ನನಗೆ ನಗು ಬರಲಿಲ್ಲ.

2024ರ ಜನವರಿಯಲ್ಲಿ ಮೈಸೂರಿನಲ್ಲಿ ಆಪರೇಷನ್ ಆಯಿತು. ಕೋಬಾಲ್ಟ್ ಕ್ರೋಮಿಯಂ ಎಂಬ ಲೋಹದ ಮಂಡಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಬಿಲ್ಲೆ ಎಂದು ಡಾಕ್ಟರು ಹೇಳಿದಾಗ ನನಗೆ ಆ ಷೆಡ್ಡಿನ ಟ್ರೇ ನೆನಪಾಯಿತು. ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲು ಬೇಡ, ಭಾರ ಎತ್ತಬೇಡಿ ಎಂದು ಪಟ್ಟಿ ಕೊಟ್ಟರು. ಆ ಪಟ್ಟಿಯನ್ನು ನಾನು ಇನ್ನೊಂದು ಹಾಳೆಯಲ್ಲಿ ದುಂಡಗೆ ಬರೆದು ಡೆನ್ವರ್‌ಗೂ ಕಳಿಸಿದೆ. ಮೇಸ್ಟರಿಕೆಯ ಅಭ್ಯಾಸ.

ಆ ವರ್ಷದ ಮಳೆಗಾಲ ಮುಗಿದಮೇಲೆ ಅವಳು ಮೇಲುಕೋಟೆ ಹತ್ತಿದಳು. ಅಲ್ಲಲ್ಲಿ ಕೂತು ಕೂತು ಮುಕ್ಕಾಲು ಗಂಟೆ ತೆಗೆದುಕೊಂಡಳು. ಮೇಲೆ ನಿಂತು ಕಲ್ಯಾಣಿಯನ್ನು ನೋಡುತ್ತ ಎಷ್ಟು ಹೊತ್ತಾದರೂ ಇಳಿಯಲು ಒಪ್ಪಲಿಲ್ಲ. ನವೆಂಬರಿನಲ್ಲಿ ಮತ್ತೆ ಡೆನ್ವರ್‌ಗೆ ಹೊರಟಳು, ಪೂರ್ತಿ ಆರು ತಿಂಗಳಿಗೆ. "ಅವನು ಕರೀಲಿಲ್ಲ ಅಕ್ಕಾ, ನಾನೇ ಬರ್ತೀನಿ ಅಂದೆ" ಎಂದಳು. ಇದು ಅವಳ ಇಷ್ಟವೋ, ಇಷ್ಟವೆಂದು ಅವಳು ಇಷ್ಟು ವರ್ಷ ರೂಢಿಸಿಕೊಂಡದ್ದೋ, ಬೇರ್ಪಡಿಸಿ ನೋಡುವ ಮೀಟರು ನನ್ನಲ್ಲಿಲ್ಲ. ಮಗುವನ್ನು ವಾರಕ್ಕೆ ಮೂರು ದಿನ ಶಿಶುವಿಹಾರಕ್ಕೆ ಬಿಡುವ ಏರ್ಪಾಡನ್ನು ಮಾತ್ರ ಅವನು ಮೊದಲೇ ಮಾಡಿದ್ದ.

ಗಾಡಿಯ ಗೇರ್‌ಬಾಕ್ಸನ್ನೂ ಮಾಡಿಸಿದ್ದಾನೆ. ತಗಡನ್ನು ಹಿಂದಕ್ಕೆ ಸರಿಸಿ, ಕೈಗೇರಿನ ಗಾಡಿಗೆ ಕಂಪನಿ ಕೊಡುತ್ತಿದ್ದ 215ರ ಆಸುಪಾಸಿಗೆ ನಿಲ್ಲಿಸಿದರಂತೆ ಆ ಮೆಕ್ಯಾನಿಕ್. ಕಳೆದ ಸಲ ಫೋನ್ ಮಾಡಿದಾಗ ತಂಗಿ ದೂರಿದಳು: "ಆ ಗಾಡಿ ಮೊದಲಿನ ಹಾಗಿಲ್ಲ ಅಕ್ಕಾ. ಗೇರ್ ಬದಲಾಯಿಸುವಾಗ ಬೆನ್ನಿಗೆ ಗುದ್ದಿದ ಹಾಗಾಗುತ್ತೆ. ಅವನನ್ನ ಕೇಳಿದರೆ, ಅಭ್ಯಾಸ ಮಾಡ್ಕೊಳಮ್ಮ, ಅದು ಇನ್ನು ಮೇಲೆ ಹೀಗೇ ಅಂತಾನೆ."